ಹಳೇ ಮೊಬೈಲ್ ಕೊಳ್ಳುವ ಮುನ್ನ ಕಂತಿನ ಲೆಕ್ಕ ಕೇಳೋಣ

ಕುಂದಗೋಳ ತಾಲೂಕಿನ ಯರಗುಪ್ಪಿಯಂಥ ಹಳ್ಳಿಯಲ್ಲಿರಲಿ, ಹುಬ್ಬಳ್ಳಿಯ ಪೇಟೆಯಲ್ಲಿರಲಿ, ಹಳೇ ಮೊಬೈಲ್ ಕೊಳ್ಳುವಾಗ ಅದು ಕದ್ದದ್ದೇ ಎಂದಷ್ಟೇ ವಿಚಾರಿಸಿದರೆ ಸಾಲದು. ಅದರ ಮೇಲೆ ಸಾಲ ಬಾಕಿ ಇರಬಹುದು.

ಕೇಂದ್ರ ಸರಕಾರ 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ್ ಸಾಥಿಯಲ್ಲಿ ಮೊಬೈಲಿನ 15 ಅಂಕೆಯ ಐಎಂಇಐ ಸಂಖ್ಯೆಯನ್ನು ಪರೀಕ್ಷಿಸಬಹುದು. *#06# ಒತ್ತಿದರೆ ಆ ಸಂಖ್ಯೆ ಸಿಗುತ್ತದೆ. ಆದರೆ ಕಳವಾಗಿ ತಡೆಹಿಡಿದ ಮೊಬೈಲನ್ನು ಅದು ತೋರಿಸುತ್ತದೆಯೇ ಹೊರತು ಕಂತಿನ ಬಾಕಿಯನ್ನಲ್ಲ. ಸಾಲ ಕೊಟ್ಟ ಕಂಪನಿ ಲಾಕ್ ಆ್ಯಪ್ ಹಾಕಿದ್ದರೆ, ಮಾರಿದವನು ಕಂತು ತಪ್ಪಿಸಿದಾಗ ಕೊಂಡವನ ಕೈಯಲ್ಲಿರುವ ಮೊಬೈಲ್ ಬಂದ್ ಆಗಬಹುದು. ಕೂಲಿ ಉಳಿಸಿ ಮಗಳ ಓದಿಗೆಂದು ಕೊಂಡ ಮನೆಗೆ ಇದು ಸಣ್ಣ ನಷ್ಟವಲ್ಲ.

ಆದ್ದರಿಂದ ಮೂಲ ಬಿಲ್ಲು, ಸಾಲ ತೀರಿದ ಪತ್ರ ಎರಡನ್ನೂ ಕೇಳಿ ಪಡೆಯೋಣ. ಬಾಕಿ ಇದ್ದರೆ ನಮ್ಮ ಹಣದಲ್ಲಿ ಮೊದಲು ಸಾಲ ತೀರಲಿ, ಉಳಿದದ್ದಷ್ಟೇ ಮಾರುವವನಿಗೆ ಸೇರಲಿ.