ಹಳಿ ಬಂದಿತು, ಹುದ್ದೆ ಬಂದೀತೆ?

ಮುನಿರಾಬಾದ್–ಮೆಹಬೂಬನಗರ ರೈಲುಮಾರ್ಗಕ್ಕೆ 1990ರ ದಶಕದಲ್ಲಿ ಒಪ್ಪಿಗೆ ದೊರೆಯಿತು. ಗಂಗಾವತಿ, ಕಾರಟಗಿಗಳನ್ನು ದಾಟಿ ಪ್ರಯಾಣಿಕರ ಗಾಡಿ ಸಿಂಧನೂರನ್ನು ಮುಟ್ಟಿದುದು 2024ರಲ್ಲಿ. ಇಷ್ಟು ದೀರ್ಘಕಾಲ ಕಾದ ಸೀಮೆ ಹಿಗ್ಗಿದುದು ಸಹಜವೆ. ತುಂಗಭದ್ರೆಯ ದಡದ ದಢೇಸುಗೂರಿನಂಥ ಊರುಗಳ ತರುಣರಲ್ಲಿ ಇದರೊಡನೆ ಇನ್ನೊಂದು ಆಸೆಯೂ ಚಿಗುರಿದ್ದೀತು: ರೈಲು ಬಂದ ಮೇಲೆ ರೈಲ್ವೆಯ ನೌಕರಿಯೂ ಬಾರದಿದ್ದೀತೆ? ಈ ಆಸೆಗೆ ಎಷ್ಟು ಆಧಾರವಿದೆಯೆಂದು ವಿಚಾರಿಸುವುದು ಒಳಿತು.

1950-51ರಲ್ಲಿ ಭಾರತದ ರೈಲ್ವೆಯಲ್ಲಿ ಸುಮಾರು 9 ಲಕ್ಷ ನೌಕರರಿದ್ದರು. ಆ ವರ್ಷ ನಡೆದ ಪ್ರಯಾಣಗಳು 128 ಕೋಟಿ. 1990-91ರ ವೇಳೆಗೆ ನೌಕರರು 16 ಲಕ್ಷವನ್ನು ಮೀರಿದರು. ಅಲ್ಲಿಂದ ಮುಂದೆ ಇಳಿತ. 2018-19ರಲ್ಲಿ ಪ್ರಯಾಣಗಳು 840 ಕೋಟಿಗೂ ಮಿಕ್ಕಿದ್ದರೆ, ನೌಕರರು ಸುಮಾರು 12 ಲಕ್ಷ ಮಾತ್ರ. ಎಂದರೆ, ಗಾಡಿಯೊಳಗೆ ಜನ ಹೆಚ್ಚಿದಂತೆ ಗಾಡಿಯನ್ನು ನಡೆಸುವ ಜನ ಹೆಚ್ಚಲಿಲ್ಲ.

ಕಾರಣ ಗೂಢವಾದುದಲ್ಲ. ಉಗಿಯಂತ್ರಕ್ಕೆ ಚಾಲಕನೊಬ್ಬನೇ ಸಾಲುತ್ತಿರಲಿಲ್ಲ. ಕಲ್ಲಿದ್ದಲು ಎರೆಯುವವನು, ಬೂದಿ ತೆಗೆಯುವವನು, ನೀರು ತುಂಬಿಸುವವನು ಎಲ್ಲರೂ ಬೇಕಾಗಿದ್ದರು. ವಿದ್ಯುತ್ತು ಬಂದಂತೆ ಆ ಕಸುಬುಗಳೇ ಅಳಿದುವು. ಟಿಕೆಟ್ಟಿನ ಕಿಟಕಿಯ ಕೆಲಸ ಬಹುಮಟ್ಟಿಗೆ ಪ್ರಯಾಣಿಕನ ಅಂಗೈಯ ಫೋನಿಗೆ ಸರಿದಿದೆ. ಸ್ವಚ್ಛತೆ, ಊಟೋಪಚಾರಗಳಂಥ ಕೆಲಸ ಉಳಿದಿದ್ದರೂ ಅನೇಕ ಕಡೆ ಗುತ್ತಿಗೆದಾರನ ಕೈ ಸೇರಿದೆ. ಅಲ್ಲಿ ಸಂಬಳವುಂಟು, ಹುದ್ದೆಯ ಭದ್ರತೆಯಿಲ್ಲ.

ಇದು ನಮ್ಮೊಂದು ದೇಶದ ಕಥೆಯಲ್ಲ. ಬ್ರಿಟನ್ನಿನಲ್ಲಿ 1948ರ ರಾಷ್ಟ್ರೀಕರಣದ ವೇಳೆಗೆ 6 ಲಕ್ಷಕ್ಕೂ ಹೆಚ್ಚು ರೈಲ್ವೆ ನೌಕರರಿದ್ದರು. 1990ರ ದಶಕದಲ್ಲಿ ಅದು ಖಾಸಗಿಯವರ ಪಾಲಾಗುವ ಹೊತ್ತಿಗೆ ಒಂದೂವರೆ ಲಕ್ಷವೂ ಉಳಿದಿರಲಿಲ್ಲ. ಜಪಾನು 1987ರಲ್ಲಿ ತನ್ನ ರಾಷ್ಟ್ರೀಯ ರೈಲ್ವೆಯನ್ನು ಒಡೆದು ಹಲವು ಕಂಪನಿಗಳನ್ನಾಗಿಸಿತು. ಹೊರಗುಳಿದವರಿಗೆ ಬೇರೆ ಕೆಲಸ ಹುಡುಕಿಕೊಡಲು ಮೂರು ವರ್ಷ ಯತ್ನ ನಡೆಯಿತು. ಆದರೂ 1990ರಲ್ಲಿ 1,047 ಮಂದಿ ಕೆಲಸ ಕಳೆದುಕೊಂಡರು. ಅವರ ವ್ಯಾಜ್ಯ ರಾಜಿಗೆ ಬಂದುದು 2010ರಲ್ಲಿ. ವೇಗದ ಗಾಡಿಗೆ ಹೆಸರಾದ ನಾಡಿನಲ್ಲೂ ನ್ಯಾಯ ಇಷ್ಟು ನಿಧಾನವಾಗಿ ನಡೆಯಿತು.

ನಮ್ಮಲ್ಲಿ ನೋವಿನ ರೂಪ ಬೇರೆ. ಇಲ್ಲಿ ಇರುವವನನ್ನು ಹೊರದೂಡುವುದಕ್ಕಿಂತ ನಿವೃತ್ತನ ಸ್ಥಾನವನ್ನು ಬರಿದಾಗಿಡುವುದೇ ಹೆಚ್ಚು; ಪೆಟ್ಟು ಬೀಳುವುದು ಇನ್ನೂ ಸೇರದವನ ಮೇಲೆ. 2019ರಲ್ಲಿ ಪ್ರಕಟವಾದ 35,281 ಹುದ್ದೆಗಳಿಗೆ ಬಂದ ಅರ್ಜಿಗಳು ಸುಮಾರು ಒಂದೂಕಾಲು ಕೋಟಿ. ಆ ಪರೀಕ್ಷೆಯ ಫಲಿತಾಂಶದ ಕ್ರಮದ ಬಗ್ಗೆ 2022ರ ಜನವರಿಯಲ್ಲಿ ಬಿಹಾರದ ವಿದ್ಯಾರ್ಥಿಗಳು ಹಳಿಗಳ ಮೇಲೇ ಕುಳಿತರು.

ಈ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ನಮ್ಮ ಹುಡುಗರು ಅವಶ್ಯವಾಗಿ ಬರೆಯಲಿ. ಹಳಿಯ ಕಾವಲು, ಸಂಕೇತಗಳ ಪಾಲನೆ, ಗಾಡಿಯ ಚಾಲನೆ ಇವು ಪ್ರಾಣರಕ್ಷಣೆಯ ಕೆಲಸಗಳು. ಇವನ್ನು ಖಾಲಿ ಬಿಡುವುದು ಮಿತವ್ಯಯವಲ್ಲವೆಂದು ಸರಕಾರಕ್ಕೆ ಒತ್ತಿ ಹೇಳಬೇಕಾದುದೂ ನ್ಯಾಯವೆ. ಆದರೆ ಅದೊಂದೇ ಬಾಗಿಲ ಮುಂದೆ ಪ್ರಾಯದ ವರ್ಷಗಳನ್ನೆಲ್ಲ ಸವೆಸುವಂತೆ ತರುಣರಿಗೆ ಉಪದೇಶಿಸುವುದು ಹಿರಿಯರಿಗೆ ಒಪ್ಪುವ ಮಾತಲ್ಲ. ಸಿಂಧನೂರಿನ ಗಾಡಿ ಹುಬ್ಬಳ್ಳಿಯ ವಿದ್ಯಾಲಯ, ಆಸ್ಪತ್ರೆ, ಪೇಟೆಗಳನ್ನು ಹತ್ತಿರ ತಂದಿದೆ. ನಿಲ್ದಾಣದೊಳಗಿನ ಹುದ್ದೆಗಳು ಬೆರಳೆಣಿಕೆಯವು. ಆ ಹಳಿ ಮುಟ್ಟಿಸುವ ಊರುಗಳಲ್ಲಿ ದುಡಿಮೆಯ ದಾರಿಗಳು ಹಲವು.