ಕಾಳಿಯ ತಾರಿ

ಮಾಂಜ್ರಾ ನದಿಯನ್ನು ಸೇತುವೆಯ ಮೇಲೆಯೇ ದಾಟಿ ರೂಢಿಯಾದ ನಮ್ಮ ಬೀದರ ಸೀಮೆಯವರಿಗೆ ಅಂಬಿಗರ ಚೌಡಯ್ಯನವರ ಕಾಯಕ ಬಹುಮಟ್ಟಿಗೆ ಪುಸ್ತಕದ ಮಾತು. ಇತರ ಶರಣರಲ್ಲಿ ಹೆಚ್ಚಿನವರು ಇಷ್ಟದೈವದ ನಾಮವನ್ನು ಅಂಕಿತವಾಗಿರಿಸಿಕೊಂಡರೆ, ಅವರು ಕಾಯಕದೊಡನೆ ಬೆರೆತ ತಮ್ಮ ಹೆಸರನ್ನೇ ಅಂಕಿತ ಮಾಡಿಕೊಂಡರು. ಆ ಕಾಯಕವನ್ನು ಕಣ್ಣಾರೆ ಕಾಣುವ ಯೋಗ ನಮಗೆ ಬಾಲ್ಯದಲ್ಲಿ ಕಡಲ ತೀರದಲ್ಲಿ ಒದಗಿತು.

1956ರಲ್ಲಿ ಹೈದರಾಬಾದಿನ ಬೀದರವೂ ಮುಂಬಯಿಯ ಕಾರವಾರವೂ ಒಂದೇ ರಾಜ್ಯಕ್ಕೆ ಸೇರಿದವು. ಅದರ ಫಲವಾಗಿ ಭಾಲ್ಕಿಯ ಸರಕಾರಿ ನೌಕರರಾದ ನಮ್ಮ ತಂದೆಯವರಿಗೆ ಅರವತ್ತರ ದಶಕದಲ್ಲಿ ಕಾರವಾರಕ್ಕೆ ವರ್ಗವಾಯಿತು. ಕಾಳಿ ನದಿ ಕಡಲನ್ನು ಕೂಡುವಲ್ಲಿ ತೆಂಕಣ ದಡದಲ್ಲಿ ಕೋಡಿಬಾಗ, ಬಡಗಣ ದಡದಲ್ಲಿ ಸದಾಶಿವಗಡ. ಸೋದೆಯ ಅರಸ ಬಸವಲಿಂಗನು ತನ್ನ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಕೋಟೆಯ ಗುಡ್ಡವದು. ಅದರ ಬುಡದಲ್ಲಿ ನಮ್ಮ ಬಿಡಾರ. ಶಾಲೆ ಆಚೆ ದಡದಲ್ಲಿ. ಸೇತುವೆಯಾದದ್ದು 1983ರಲ್ಲಿ. ಅಲ್ಲಿಯವರೆಗೆ ದೋಣಿಯೇ ಗತಿ. ಅದನ್ನು ಅಲ್ಲಿನ ಜನ ತಾರಿ ಎನ್ನುತ್ತಿದ್ದರು.

ನಮ್ಮ ಕಡೆಯ ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ. ಅಲ್ಲಿಯಾದರೋ ಕಡಲು ದಿನಕ್ಕೆರಡು ಬಾರಿ ಹೊಳೆಯೊಳಕ್ಕೆ ಏರಿಬರುತ್ತದೆ, ಎರಡು ಬಾರಿ ಹಿಂದೆಗೆಯುತ್ತದೆ. ಇಳಿತದ ಹೊತ್ತಿನಲ್ಲಿ ಅಂಬಿಗನು ದೋಣಿಯ ಮೂತಿಯನ್ನು ಎದುರು ದಡಕ್ಕೆ ನೇರವಾಗಿ ಹಿಡಿಯದೆ ಮೂಡಲಕ್ಕೆ, ಹೊಳೆಯ ಮೇಲ್ಮುಖಕ್ಕೆ ತಿರುಗಿಸುತ್ತಿದ್ದನು. ಈತನಿಗೆ ದಾರಿ ತಪ್ಪಿತೆಂದು ನಾವು ಮಕ್ಕಳು ನಗುತ್ತಿದ್ದೆವು. ಸೆಳವು ದೋಣಿಯನ್ನು ತಾನಾಗಿ ಕೆಳಕ್ಕೆಳೆದು ಸರಿಯಾದ ಕಟ್ಟೆಗೇ ತಂದು ಮುಟ್ಟಿಸುತ್ತಿತ್ತು! ಮೀನುಬುಟ್ಟಿಯ ಹೆಂಗಸರು, ವಕೀಲರು, ಪುರೋಹಿತರು, ಮುಸಲ್ಮಾನ ವ್ಯಾಪಾರಿಗಳು ಎಲ್ಲರೂ ಒಂದೇ ಹಲಗೆಯ ಮೇಲೆ. ನಮ್ಮ ತಾಯಿಯವರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಇಳಿದು ಹೋಗಲಂತೂ ಸಾಧ್ಯವಿರಲಿಲ್ಲ.

ಒಂದು ಮಳೆಗಾಲ ಭಾಲ್ಕಿಯಿಂದ ಆಯಿ ಬಂದಿದ್ದರು. ಗಾಳಿಯ ಅಬ್ಬರಕ್ಕೆ ತಾರಿ ನಿಂತು, ಕೋಡಿಬಾಗದ ದಡದಲ್ಲಿಯೇ ಮಧ್ಯಾಹ್ನ ಕಳೆಯಿತು. ಇಷ್ಟಲಿಂಗ ಪೂಜೆಯಾಗದೆ ಆಯಿ ಹನಿ ನೀರನ್ನೂ ಮುಟ್ಟುವವರಲ್ಲ. ಸುತ್ತಲೂ ನೀರು, ಎಲ್ಲವೂ ಉಪ್ಪು. ಅಂಬಿಗನು ತನ್ನ ಮನೆಯಿಂದ ಒಂದು ಕೊಡ ಸಿಹಿನೀರು ತಂದಿಟ್ಟನು. ಆಯಿಯ ಕೈ ಮುಂದಾಗಲಿಲ್ಲ. ಎಷ್ಟು ಹೊತ್ತೆಂದು ಹೇಳಲಾರೆವು, ಆದರೆ ಅವನಿಗೆ ತಿಳಿಯುವಷ್ಟು ಹೊತ್ತು. ಅವನು ಕೊಡವನ್ನು ಬಿಟ್ಟು ದೂರ ಸರಿದು ನಿಂತನು. ತಂದೆಯವರು ಮೆಲ್ಲಗೆ, “ಅವ್ವಾ, ಚೌಡಯ್ಯನವರ ಮನಿ ನೀರಂತ ತಿಳ್ಕೋ” ಎಂದರು. ಆಯಿ ಮಾತನಾಡದೆ ಮಗನ ಮುಖ ನೋಡಿದರು. ಬಳಿಕ ಕೈಕಾಲು ತೊಳೆದು, ಆ ನೀರಿನಿಂದಲೇ ಲಿಂಗಕ್ಕೆ ಮಜ್ಜನ ಮಾಡಿಸಿ, ಮಗುಚಿಟ್ಟ ದೋಣಿಯ ಮರೆಯಲ್ಲಿ ಪೂಜೆ ಮುಗಿಸಿದರು.

ಆಯಿಯನ್ನು ದೂಷಿಸಲು ಇದನ್ನು ಬರೆಯುತ್ತಿಲ್ಲ. ಅವರು ಕೊನೆಗೆ ಕೈ ಚಾಚಿದರು. ಇಂದು ಪ್ರತಿ ಜನವರಿ 21ರಂದು ಚೌಡಯ್ಯನವರ ಜಯಂತಿ ನಡೆಯುತ್ತದೆ. ತುಂಗಭದ್ರೆಯ ದಡದ ಚೌಡಯ್ಯದಾನಪುರಕ್ಕೆ ನಮ್ಮವರೂ ಹೋಗಿಬರುತ್ತಾರೆ. ಭಾವಚಿತ್ರಕ್ಕೆ ಹೂವೇರಿಸುವುದು ಸುಲಭ. ನಮ್ಮ ನಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಆ ಹಿಂಜರಿಕೆ ಕರಗಿದೆಯೇ ಎಂಬುದನ್ನು ಮನೆಯ ಹಿರಿಯರೇ ಹೇಳಬೇಕು.

ತಾರಿಯನ್ನು ನಿಲ್ಲಿಸಿದ ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಕಾಳಿಯ ಪಾಲಾಯಿತು. ಮೇಲಿದ್ದ ಲಾರಿಯೊಂದು ಹೊಳೆಗೆ ಬಿದ್ದಿತು. ಕತ್ತಲೆಯಲ್ಲಿ ಲಾರಿಯ ಚಾಲಕನನ್ನು ಬದುಕಿಸಿ ದಡಕ್ಕೆ ತಂದವರಲ್ಲಿ ಅಲ್ಲಿಯ ಮೀನುಗಾರರು ಮುಂದಾಗಿದ್ದರು.