ಕೋಣ ಬರುವ ಮೊದಲೇ ಗುಂಡಿ ಒತ್ತಬೇಕು

ನಮ್ಮ ಕದ್ರಿಯಲ್ಲಿ ‘ಕದ್ರಿ ಕಂಬಳ’ ಎಂದರೆ ಈಗ ಒಂದು ರಸ್ತೆಯ ಹೆಸರು. ಕೋಣಗಳ ಓಟ ನೋಡಬೇಕಾದರೆ ಬಂಗ್ರಕೂಳೂರಿಗೆ ಹೋಗಬೇಕು. ಗೆಳೆಯನ ಕ್ಯಾಮೆರಾ ಹಿಡಿದು ನಾನೂ ಹೋಗಿದ್ದೆ. ಒಂದೇ ರಾತ್ರಿ ನಾನೂರಕ್ಕೂ ಹೆಚ್ಚು ಫೋಟೊ ತೆಗೆದೆ. ಬೆಳಿಗ್ಗೆ ಕೋಣಗಳ ಯಜಮಾನರೊಬ್ಬರು, “ನಮ್ಮ ಜೋಡಿಯದ್ದು ಒಳ್ಳೆಯದೊಂದು ಉಂಟಾ? ದುಡ್ಡು ಕೊಡ್ತೇನೆ” ಎಂದರು. ಹುಡುಕಿದೆ. ಒಂದರಲ್ಲಿ ಬರೀ ಬಾಲ, ಇನ್ನೊಂದರಲ್ಲಿ ಬರೀ ಕೆಸರುನೀರು. ನನ್ನ ಮೊದಲ ಸಂಪಾದನೆ ಕೈತಪ್ಪಿತು.

ತಪ್ಪು ಕ್ಯಾಮೆರಾದ್ದಲ್ಲ ಎಂದು ಲೆಕ್ಕ ಹಾಕಿದಾಗ ತಿಳಿಯಿತು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಅಂದರೆ ಸೆಕೆಂಡಿಗೆ 10 ಮೀಟರ್‌ಗಿಂತ ಹೆಚ್ಚು. ಕಣ್ಣು ಕಂಡದ್ದಕ್ಕೆ ಬೆರಳು ಒತ್ತಲು ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಕೋಣ ಎರಡು ಮೀಟರ್ ಮುಂದೆ ಹೋಗಿರುತ್ತದೆ! ಗುಂಡಿ ಒತ್ತಿಹಿಡಿದು ಸೆಕೆಂಡಿಗೆ 10 ಚಿತ್ರ ತೆಗೆದರೂ ಎರಡು ಚಿತ್ರಗಳ ನಡುವೆ ಒಂದು ಮೀಟರ್ ಓಟ ತಪ್ಪಿಹೋಗುತ್ತದೆ.

ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಲೇ ನೆಲ ಬಿಡುತ್ತವೆಯೇ ಎಂಬ ಪ್ರಶ್ನೆಗೂ ಬರಿಗಣ್ಣಿನಿಂದ ಉತ್ತರ ಸಿಕ್ಕಿರಲಿಲ್ಲ. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ದಾರಿಯುದ್ದಕ್ಕೂ 12 ಕ್ಯಾಮೆರಾ ಇಟ್ಟು, ಅಡ್ಡಲಾಗಿ ದಾರ ಕಟ್ಟಿದರು. ಕುದುರೆ ಓಡುತ್ತ ದಾರ ಎಳೆದಂತೆ ಒಂದೊಂದೇ ಚಿತ್ರ ಬಿತ್ತು. ಕಾಲುಗಳು ನೆಲ ಬಿಡುವುದು ನಿಜ. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಮುಂದೆ ಹಿಂದೆ ಚಾಚಿದಾಗಲ್ಲ, ಹೊಟ್ಟೆಯಡಿ ಮಡಚಿದಾಗ. ಕುದುರೆ ಎಲ್ಲಿಂದ ಹಾದುಹೋಗುತ್ತದೆ ಎಂಬುದು ಮೊದಲೇ ತಿಳಿದಿದ್ದರಿಂದ ಅದು ಸಾಧ್ಯವಾಯಿತು.

ಕಂಬಳದಲ್ಲೂ ಹಾಗೆಯೇ. ಕನೆಹಲಗೆಯಲ್ಲಿ ನೀರು ಚಿಮ್ಮಿ ಮುಟ್ಟಬೇಕಾದ ನಿಶಾನೆ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಫೋಕಸ್ ಅಲ್ಲಿಗೆ ಮೊದಲೇ ಹೊಂದಿಸಿಟ್ಟು, ಓಟದ ಲಯ ನೋಡುತ್ತ, ಕೋಣ ಅಲ್ಲಿಗೆ ತಲುಪುವ ತುಸು ಮೊದಲೇ ಗುಂಡಿ ಒತ್ತಬೇಕು.

ಓದು ಮುಗಿಸಿದ ನಮ್ಮಲ್ಲಿ ಅನೇಕರು ಕೆಲಸ ಸಿಗುವವರೆಗೆಂದು ಕ್ಯಾಮೆರಾ ಹಿಡಿಯುತ್ತಾರೆ. ಸಾಲ ಮಾಡಿ ಇನ್ನೂ ವೇಗದ ಕ್ಯಾಮೆರಾ ಕೊಳ್ಳುವವರೂ ಇದ್ದಾರೆ. ಅದಕ್ಕೆ ಮೊದಲು ಒಂದು ರಾತ್ರಿ ಕರೆಯ ಬದಿಯಲ್ಲಿ ಬರಿಗೈಯಲ್ಲಿ ನಿಂತು ನೋಡಿ. ಯಾವ ಜೋಡಿ ಹೇಗೆ ಓಡುತ್ತದೆ, ನೀರು ಯಾವಾಗ ಏಳುತ್ತದೆ ಎಂಬುದನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಮುಂದಿನ ಕಂಬಳದಲ್ಲಿ ಮೊದಲ ಹತ್ತು ಓಟ ಮುಗಿಯುವವರೆಗೆ ನಾನು ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯುವುದಿಲ್ಲ. ಆ ಯಜಮಾನರಿಗೆ ಒಂದು ಫೋಟೊ ಬಾಕಿ ಇದೆ.